ಬಸುವಿನ ವಿಚಾರಕ್ಕೆ ಬಂದ ಪಾವಣ್ಯಾರು

ಮೈದುನ ಬಸು ಅಣು ವಿದ್ಯುತ್ ಸ್ಥಾವರದ ನೌಕರಿಯಿಂದ ನಿವೃತ್ತನಾಗಿ ಈ ವರ್ಷ ನಮ್ಮ ಸತ್ತಿ ಊರಿಗೆ ಮರಳಿದ. ಬೀಳ್ಕೊಡುಗೆಯಲ್ಲಿ ಅವನಿಗೆ ಹೊದಿಸಿದ್ದ ಶಾಲು ನೋಡಿದಾಗ, ಮೊಮ್ಮಕ್ಕಳೇ, ನಾನು ಮದುವೆಯಾಗಿ ಈ ಮನೆಗೆ ಬಂದ ಹೊಸತರ ಒಂದು ಮಧ್ಯಾಹ್ನ ನೆನಪಾಯಿತು.

ಬಸು ಆ ನೌಕರಿಗೆ ಆಯ್ಕೆಯಾಗಿ ಆದೇಶದ ದಾರಿ ಕಾಯುತ್ತಿದ್ದ. ಅವನು ಹೊಲಕ್ಕೆ ಹೋಗಿದ್ದಾಗ ಬಿಳಿ ಅಂಗಿಯವರೊಬ್ಬರು ಬಂದು, ಹುಡುಗನ ಗುಣ ಹೇಗೆ, ಗೆಳೆಯರು ಯಾರು, ಕುಡಿತ ಗಿಡಿತ ಉಂಟೇ ಎಂದು ಕೇಳತೊಡಗಿದರು. ನಮ್ಮಲ್ಲಿ ಹೀಗೆ ಕೇಳುವವರು ಹೆಣ್ಣಿನ ಕಡೆಯವರೇ. ನೆಂಟಸ್ತಿಕೆ ಕೇಳಲು ಪಾವಣ್ಯಾರು, ಅಂದರೆ ಅತಿಥಿಗಳು, ಬಂದರೆಂದು ಅತ್ತೆ ಹಿಗ್ಗಿ ನನ್ನಿಂದ ಶಿರಾ ಮಾಡಿಸಿದರು. ನೆರೆಯ ಹುಸೇನ ಕಾಕಾ ಕೂಡ ಬಂದು ಕುಳಿತು ಬಸುವನ್ನು ಹೊಗಳಿದ್ದೇ ಹೊಗಳಿದ್ದು. ಅಂಥವರೆದುರು ಒಳ್ಳೆಯದನ್ನಷ್ಟೇ ಆಡುವುದು ಊರಿನ ರೀತಿ.

“ಊರ ಬಿಟ್ಟ ಎಲ್ಲೆರೆ ಇದ್ದನೇನ್ರಿ?” ಎಂದು ಬಂದವರು ಕೇಳಿದರು.

“ಊರ ಅಗಸಿ ಬಾಗಲಾ ದಾಟಿದಾವಲ್ರಿ ಪಾವಣ್ಯಾರ,” ಎಂದರು ಅತ್ತೆ.

ಬಂದವರ ಕೈಯ ಚಮಚ ನಿಂತಿತು. ತಾವು ಪೊಲೀಸ್ ಇಲಾಖೆಯವರೆಂದೂ, ಅಂಥ ಸ್ಥಾವರದೊಳಗೆ ಬಿಡುವ ಮೊದಲು ಪ್ರತಿಯೊಬ್ಬರ ಪೂರ್ವಾಪರ ತಿಳಿಯಬೇಕೆಂಬುದು ಸರಕಾರದ ಕಟ್ಟಳೆಯೆಂದೂ ಹೇಳಿದರು. ಮಿರಜಿನಲ್ಲಿ ಎರಡು ವರ್ಷ ಇದ್ದೆನೆಂದು ಬಸು ತಾನೇ ಅರ್ಜಿಯಲ್ಲಿ ತಿಳಿಸಿದ್ದ. ಮನೆಯವರು ಅದನ್ನೇಕೆ ಮುಚ್ಚುತ್ತಾರೆ ಎಂಬುದು ಅವರ ಅನುಮಾನ. ಅಲ್ಲೇ ಕುಳಿತಿದ್ದ ನಿಮ್ಮಜ್ಜ ಅತ್ತೆಯ ಮುಖ ನೋಡಿದರು. ಬಸುವಿನ ನೌಕರಿ ನಮ್ಮ ಪಡಸಾಲೆಯಲ್ಲೇ ಕೈತಪ್ಪುವಂತಿತ್ತು.

ಪರ ಗಂಡಸರೆದುರು ನಾನು ಅದುವರೆಗೆ ಮಾತಾಡಿದವಳಲ್ಲ. ಸೆರಗು ಬಿಗಿಹಿಡಿದು ಬಾಗಿಲ ಮರೆಯಿಂದ ಈಚೆ ಬಂದೆ.

“ಮೈದುನರು ಮಾವಾರ ಜೋಡಿ ಜಗಳಾಡಿ ಹೋಗಿದ್ರರಿ. ಮಿರಜಿನಾಗ ಲೇಥ್ ಕೆಲಸ ಕಲತ್ರು. ಮಾವಾರು ಜಡ್ಡಿಗೆ ಬಿದ್ದಾಗ ತಾವ ತಿರುಗಿ ಬಂದ್ರು. ಮನಿ ಬಿಟ್ಟ ಹೋದಾವಂದ್ರ ಹೆಣ್ಣ ಕೊಡೂದಿಲ್ಲಂತ ಅತ್ತಿಯವರು ಹಂಗಂದ್ರರಿ.”

ಅವರು ನನ್ನನ್ನೇ ನೋಡಿ, “ಮಿರಜಿನಾಗೂ ಹಿಂಗ ಹೇಳಿದ್ರವ್ವಾ. ಹೋಗಿದ್ದ ತಪ್ಪಲ್ಲ. ಮುಚ್ಚಿಟ್ಟದ್ದಕ್ಕ ಸಂಶೆ ಬಂತು,” ಎಂದು ಉಳಿದ ಶಿರಾ ತಿನ್ನತೊಡಗಿದರು.

“ಅಂದ್ರ ಹೆಣ್ಣ ಇಲ್ಲೇನ್ರಿ ಸಾಹೇಬ್ರ?” ಎಂದ ಹುಸೇನ ಕಾಕಾ. ಅತ್ತೆಯೂ ನಕ್ಕುಬಿಟ್ಟರು.

ಕೆಲವು ವಾರಗಳಲ್ಲಿ ಬಸುವಿಗೆ ಆದೇಶ ಬಂತು. ಅಂದು ನಿಮ್ಮಜ್ಜ ಅಡುಗೆಮನೆಯ ಬಾಗಿಲಿಗೆ ಬಂದು, “ಇಷ್ಟ ಮಾತ ನಿನ್ನ ಬಾಯಾಗ ಇದ್ದುವೇನ?” ಎಂದರು. ಅಲ್ಲಿಂದ ಮುಂದೆ ಮನೆಯ ಯಾವ ವಿಚಾರವಿದ್ದರೂ ಅದೇ ಬಾಗಿಲಲ್ಲಿ ನಿಂತು, “ನೀ ಏನಂತಿ?” ಎಂದು ಕೇಳುತ್ತಿದ್ದರು. ಈಗ ಹಾಗೆ ಕೇಳುವವರಿಲ್ಲ. ಆದರೂ ಶಿರಾಕ್ಕೆ ರವೆ ಹುರಿಯುವಾಗ ಆ ಬಾಗಿಲ ಕಡೆ ಒಮ್ಮೆ ನೋಡುತ್ತೇನೆ.