ಗಿರಿಜಕ್ಕನ ಮೇಲ್ ಸುತ್ತಿದ ಸುತ್ತು

ಫ್ಯಾನ್ ಕಿರ್ರೆಂದು ನಿಂತಿತು. ಪುಣೆಯಲ್ಲಿ ಗುರುವಾರ ಕರೆಂಟ್ ಹೋದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಅದು ಕರೆಂಟ್ ಲೈನ್ ರಿಪೇರಿಯ ದಿನ. ನಾನು ಮಾತ್ರ ಇವತ್ತಿಗೂ ಕುರ್ಚಿಯಿಂದ ಎದ್ದುಬಿಡುತ್ತೇನೆ. ಯಾಕೆ ಅಂತೀರಾ? ಹೇಳುತ್ತೇನೆ.

ಏಳೆಂಟು ವರ್ಷದ ಹಿಂದೆ ಮಂಡ್ಯದಿಂದ ಬಂದು ಹಡಪ್ಸರ್‌ನ ಈ ಪಂಪ್‌ಸೆಟ್ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಮಗರಪಟ್ಟಾದ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ನನ್ನನ್ನು ಬೇಡವೆಂದಿದ್ದವು. ನಮ್ಮದು ಜನರೇಟರ್ ಇಲ್ಲದ ಆಫೀಸು. ಗುರುವಾರ ಇಲ್ಲಿನ ಮೇಲ್ ಸರ್ವರ್ ಮಲಗಿದಾಗ ಬಂದ ಮೇಲ್‌ಗಳನ್ನು ಇಟ್ಟುಕೊಂಡು, ಎದ್ದ ಮೇಲೆ ಒಪ್ಪಿಸಲಿ ಎಂದು ಭೋರ್ ಊರಿನಲ್ಲಿರುವ, ಜನರೇಟರ್ ಇರುವ ನಮ್ಮ ಗೋದಾಮಿನಲ್ಲಿ ಇನ್ನೊಂದನ್ನು ಕೂರಿಸಿದೆ. ನಾವು ಬಾಗಿಲು ಹಾಕಿದ್ದರೆ ಎದುರು ಮನೆಯವರು ಪಾರ್ಸೆಲ್ ಇಸಿದುಕೊಳ್ಳುವುದಿಲ್ಲವೇ, ಹಾಗೆ. ಊಟದ ಹೊತ್ತಿನಲ್ಲಿ ಇದರ ಬಗ್ಗೆ ಎಷ್ಟು ಕೊಚ್ಚಿಕೊಂಡೆನೆಂದರೆ, ನಮ್ಮ ಆಫೀಸಿನ ಕ್ಲರ್ಕ್, ವಿಜಯಪುರದ ಗಿರಿಜಕ್ಕ, ನಂಬಿಯೇಬಿಟ್ಟರು. ಮಗುವನ್ನು ದತ್ತು ಪಡೆಯಲು ಅರ್ಜಿ ಹಾಕಿ ಮೂರು ವರ್ಷ ಕಾದಿದ್ದ ಅವರು ಸಂಸ್ಥೆಗೆ ಕೊಟ್ಟದ್ದು ಆಫೀಸಿನ ಮೇಲ್ ವಿಳಾಸ.

ಒಂದು ಗುರುವಾರ ಸಂಸ್ಥೆಯಿಂದ ಅವರಿಗೆ ಫೋನ್ ಬಂತು. ಮಗುವಿನ ವಿವರ ಮೇಲ್ ಮಾಡಿದ್ದೇವೆ, ಇವತ್ತು ಸಂಜೆ ಐದರೊಳಗೆ ಒಪ್ಪಿಗೆ ಬರೆಯಿರಿ, ಇಲ್ಲವಾದರೆ ಸಾಲಿನಲ್ಲಿ ಮುಂದಿನವರಿಗೆ ಹೋಗುತ್ತದೆ ಎಂದರು. ಮೂರಕ್ಕೆ ಕರೆಂಟ್ ಬಂತು. ಮೇಲ್ ಬರಲಿಲ್ಲ. ತಿರುಗಿ ಫೋನ್ ಮಾಡಿದರೆ ಅತ್ತ ಯಾರೂ ಎತ್ತುತ್ತಿಲ್ಲ.

“ನಿನ್ನ ಭರೋಸಾದ ಮ್ಯಾಲ ಈ ವಿಳಾಸ ಕೊಟ್ಟೀನೋ ತಮ್ಮಾ. ಎಲ್ಲಿ ಅದ ಅದು?”

“ಐದು ನಿಮಿಷ ಅಕ್ಕಾ, ಚೆಕ್ ಮಾಡ್ತೀನಿ,” ಎಂದೆ. ಸರ್ವರ್ ಮುಂದೆ ಕೂತೆ.

ತಪ್ಪು ನನ್ನದೇ. ಅವತ್ತು ಬೆಳಿಗ್ಗೆ ಕರೆಂಟ್ ಹೋಗುವ ಮುಂಚೆ ಇಲ್ಲಿನ ಸರ್ವರ್ ಬದಲಿಸಿದ್ದೆ. ಈ ಕಂಪನಿಯ ಮೇಲ್ ಇಲ್ಲಿಗೇ ಸೇರಿದ್ದು ಎಂದು ಅದಕ್ಕೆ ತಿಳಿಸುವ ಒಂದು ಸಾಲು ಬರೆಯಲು ಮರೆತಿದ್ದೆ. ಭೋರ್ ಒಪ್ಪಿಸಿದ್ದನ್ನು ಇದು ತನ್ನದಲ್ಲವೆಂದು ಭೋರ್‌ಗೇ ಕಳಿಸುತ್ತಿತ್ತು. ಭೋರ್ ಮತ್ತೆ ಇಲ್ಲಿಗೆ. ಹೀಗೆ ಹೋದಲ್ಲೆಲ್ಲ ಮೇಲ್‌ನ ಮೇಲೆ ಒಂದೊಂದು ಮುದ್ರೆ ಬೀಳುತ್ತದೆ. ಇಪ್ಪತ್ತೈದು ದಾಟಿದರೆ ಕಳಿಸಿದವರಿಗೇ ವಾಪಸ್. ಎರಡೂ ಕಡೆ ನಿಲ್ಲಿಸಿ ಎಣಿಸಿದೆ. ಇಪ್ಪತ್ತೆರಡು! ನಾನು ದಿನಾ ಬೈಯುತ್ತಿದ್ದ ಭೋರ್‌ನ ನಿಧಾನದ ಇಂಟರ್‌ನೆಟ್ ಲೈನೇ ನಮ್ಮನ್ನು ಕಾಪಾಡಿತ್ತು.

ಮರೆತ ಸಾಲು ಬರೆದೆ. ಮೇಲ್ ಬಂತು. ಗಿರಿಜಕ್ಕ ಒಂದೇ ಬೆರಳಿನಲ್ಲಿ ಒಪ್ಪಿಗೆ ಟೈಪ್ ಮಾಡಿ, ಫೋಟೋ ನೋಡುತ್ತ ಅತ್ತರು.

“ಪಾಪ, ಕೂಸು ಭೋರ್‌ಗೆ ಎಷ್ಟು ಸರ್ತಿ ಹೋಗಿ ಬಂತೋ ತಮ್ಮಾ!”

ಅಂದಿನಿಂದ ಕೊಚ್ಚಿಕೊಳ್ಳುವುದು ಬಿಟ್ಟೆ. ಸರ್ವರ್ ಮುಟ್ಟಿದ ದಿನ ಬೇಕೆಂದೇ ಅದನ್ನು ಮಲಗಿಸಿ, ನನಗೆ ನಾನೇ ಒಂದು ಮೇಲ್ ಬರೆದು, ಮತ್ತೆ ಎಬ್ಬಿಸುತ್ತೇನೆ. ಅದು ಭೋರ್‌ನಿಂದ ಬಂದು ಸೇರುವವರೆಗೆ ಚಹಾ ಕುಡಿಯುವುದಿಲ್ಲ.

ಫ್ಯಾನ್ ಮತ್ತೆ ತಿರುಗಿತು. ಈಗ ಇಂದಾಪುರದಲ್ಲಿರುವ ಗಿರಿಜಕ್ಕನ ಮೇಲ್ ಬಂತು. “ನಿನ್ನ ಗುರುವಾರದ ಕೂಸು ಶಾಲಿಗೆ, ಒಂದನೇತ್ತಾಕ್ಕ ಹೊಂಟಾಳ ನೋಡು.” ಜೊತೆಗಿದ್ದ ಫೋಟೋ ತೆರೆಯುವ ಮೊದಲು, ಅಭ್ಯಾಸಬಲ, ಮುದ್ರೆ ಎಣಿಸಿದೆ. ಭೋರ್‌ನದೊಂದು, ನಮ್ಮದೊಂದು. ಆಮೇಲೆ ನಿಧಾನವಾಗಿ ಅವಳನ್ನು ನೋಡಿದೆ. ಮುಂದಿನ ಎರಡು ಹಲ್ಲಿಲ್ಲ. ನಗುವುದಕ್ಕೆ ಅದೇನೂ ಅಡ್ಡಿಯಾಗಿಲ್ಲ.