ಅತ್ತೆ ತೊಳೆದ ಟ್ಯಾಂಕು

ನಮ್ಮ ಅತ್ತೆಯ ಕಣ್ಣಿಗೆ ಈ ಲೋಕದಲ್ಲಿ ಸರಿಯಾಗಿ ತೊಳೆದ ಪಾತ್ರೆ ಅಂತ ಇದ್ದರೆ ಅದು ಅವರೇ ತೊಳೆದದ್ದು. ನಾನು ತೊಳೆದಿಟ್ಟ ಲೋಟವನ್ನು ಬೆಳಕಿಗೆ ಹಿಡಿದು, "ಇದಕ್ಕೆ ಬರೀ ನೀರು ತೋರಿಸಿದ್ಯೇನೇ?" ಎನ್ನುತ್ತಾರೆ. ಮದುವೆಯಾಗಿ ಹನ್ನೊಂದು ವರ್ಷ; ನನ್ನ ಒಂದು ಲೋಟವೂ ಪಾಸಾಗಿಲ್ಲ.

ಮೂವತ್ತು ವರ್ಷ ಹಾಲಿನ ಡೈರಿಯಲ್ಲಿ ಕ್ಯಾನು ತೊಳೆದವರು ಅವರು. ನಿವೃತ್ತಿಯಾಗಿ ಮನೆಯಲ್ಲಿ ಕೂತರೆ ನನ್ನ ಗತಿ ಏನು ಅಂತ ಹೆದರಿ, ನಾನೇ ನನ್ನ ಕೆಲಸದ ಜಾಗಕ್ಕೆ ಸೇರಿಸಿದೆ. ಸುಳ್ಳೇಕೆ ಹೇಳಲಿ, ಸ್ವಾರ್ಥ!

ನಮ್ಮದು ರಾಕೆಟ್ ಎಂಜಿನ್ ಮಾಡುವ ಸಣ್ಣ ಶೆಡ್ಡು, ಹನ್ನೆರಡು ಜನ. ಗಾಯ ತೊಳೆಯುವ ಪೆರಾಕ್ಸೈಡ್ ಗೊತ್ತಲ್ಲ, ಅದನ್ನೇ ತುಂಬ ಗಟ್ಟಿ ಮಾಡಿ ನಮ್ಮ ಎಂಜಿನ್ನಿಗೆ ಕುಡಿಸುತ್ತೇವೆ. ಅಗ್ಗ, ವಿಷದ ಹೊಗೆಯಿಲ್ಲ, ಹೊರಗೆ ಬರುವುದು ಬರೀ ಹಬೆ ಮತ್ತು ಆಮ್ಲಜನಕ. ಆದರೆ ಅದಕ್ಕೆ ಮೂಗಿನ ತುದಿಯಲ್ಲೇ ಕೋಪ. ಟ್ಯಾಂಕಿನೊಳಗೆ ಎಣ್ಣೆಯ ಪಸೆ ಚೂರು ಇದ್ದರೂ ತನ್ನಷ್ಟಕ್ಕೆ ಕಾಯತೊಡಗುತ್ತದೆ. ಇಂಥ ಟ್ಯಾಂಕು ತೊಳೆಯಲು ನಮ್ಮ ಅತ್ತೆಗಿಂತ ಬೇಕೆ? ಎರಡೇ ವಾರದಲ್ಲಿ ಅವರು ಇಡೀ ಶೆಡ್ಡಿಗೇ ಅತ್ತೆಯಾದರು.

ಹೀಗಿರುವಾಗ ಹೊಸ ಎಂಜಿನ್ನಿನ ಪರೀಕ್ಷೆ ಎರಡು ಸಲ ಕೆಟ್ಟಿತು. ಟ್ಯಾಂಕಿನ ಬಿಸಿ ಎಷ್ಟಿದೆ ಅಂತ ನೋಡುವ ಕೆಲಸ ನನ್ನದು. ತುಂಬಿಸಿದ ಹತ್ತೇ ನಿಮಿಷಕ್ಕೆ ಮುಳ್ಳು ಮೇಲೇರುತ್ತಿತ್ತು. ಪೆರಾಕ್ಸೈಡನ್ನೆಲ್ಲ ನೀರಿಗೆ ಸುರಿದು, ಮುಖ ಸಣ್ಣದು ಮಾಡಿಕೊಂಡು ಮನೆಗೆ ಹೋಗುತ್ತಿದ್ದೆವು.

ಮ್ಯಾನೇಜರಮ್ಮ ಅತ್ತೆಯನ್ನು ಕರೆದರು. "ಬೇಜಾರು ಮಾಡ್ಕೋಬೇಡಿ ಅತ್ತೆ. ಮೂರನೇ ಸಲವೂ ಹೀಗೇ ಆದ್ರೆ ತೊಳೆಯೋ ಕೆಲಸ ಹೊರಗಿನವರಿಗೆ ಕೊಟ್ಬಿಡ್ತೀನಿ."

ಆ ವಾರವೆಲ್ಲ ಮನೆಯಲ್ಲಿ ಅತ್ತೆ ನನ್ನ ಲೋಟಗಳನ್ನು ಬೆಳಕಿಗೆ ಹಿಡಿಯಲೇ ಇಲ್ಲ.

ಮೂರನೇ ಸಲ ಟ್ಯಾಂಕು ತೊಳೆದು, ಒಣಗಿಸಿ, ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತರು.

"ಏನತ್ತೆ, ಕೋಳಿ ಕಾವಿಗೆ ಕೂತ ಹಾಗಿದೆ?" ಎಂದರು ಫೋರ್‌ಮನ್. ಲೋಹ ಕಡೆಯುವ ಲೇತಿನ ಮುಂದೆಯೇ ತಲೆ ನೆರೆತ ಮನುಷ್ಯ. ಅತ್ತೆಯ ತೊಳೆತದ ಮೇಲೆ ಮೊದಲು ಅನುಮಾನ ಎತ್ತಿದವರೂ ಅವರೇ.

"ಮರಿ ಆಗೋವರೆಗೂ ಏಳಲ್ಲ, ಹೋಗ್ರೀ."

ಫೋರ್‌ಮನ್ ನಗುನಗುತ್ತಲೇ ಪ್ಲಾಸ್ಟಿಕ್ ಸರಿಸಿ, ಟ್ಯಾಂಕಿನ ಬಾಯಿಯ ಒಳಅಂಚಿನ ಸುತ್ತ ಹೆಬ್ಬೆರಳು ಆಡಿಸಿದರು. ಲೇತಿನವರ ಹುಟ್ಟುಗುಣ ಅದು: ಅಂಚು ಕಂಡರೆ ಸಾಕು, ಲೋಹದ ತರಿ ಉಳಿದಿದೆಯಾ ಅಂತ ಬೆರಳು ತಾನಾಗಿ ಹೋಗುತ್ತದೆ.

ಅತ್ತೆ ಗಪ್ಪನೆ ಅವರ ಮಣಿಕಟ್ಟು ಹಿಡಿದರು. "ಏನ್ ಮಾಡ್ತಿದ್ದೀರಿ?"

"ಏನಿಲ್ಲ ಅತ್ತೆ, ಅಂಚು ನೋಡಿದೆ ಅಷ್ಟೇ."

"ಆ ಎರಡು ಸಲಾನೂ ನೋಡಿದ್ರಾ?"

ಫೋರ್‌ಮನ್ ತಮ್ಮ ಹೆಬ್ಬೆರಳು ನೋಡಿಕೊಂಡರು. ಉಗುರಿನ ಸಂದಿಯಲ್ಲೆಲ್ಲ ಲೇತಿನ ಎಣ್ಣೆ. "ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದರು ಮೆಲ್ಲಗೆ.

ತಂತಿ ಜೋಡಿಸುತ್ತ ಅಲ್ಲೇ ಇದ್ದ ನನಗೆ ಕೋಪ ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಕಾಲು ತುಳಿದರು. ಮ್ಯಾನೇಜರಮ್ಮ ಬರುತ್ತಿದ್ದರು.

"ಇನ್ನೊಂದ್ಸಲ ತೊಳೀಬೇಕು. ನಾಲ್ಕು ಗಂಟೆ ಹಿಡಿಯುತ್ತೆ," ಎಂದರು ಅತ್ತೆ.

"ಮತ್ತೆ ಯಾಕೆ? ಸರಿಯಾಗಿ ತೊಳೆದಿರ್ಲಿಲ್ವಾ?"

ಅತ್ತೆ ಪ್ಲಾಸ್ಟಿಕ್ ಪೂರ್ತಿ ಬಿಚ್ಚತೊಡಗಿದರು. ಫೋರ್‌ಮನ್ ಮಾಡಿದ್ದು ಅಂತ ಯಾಕೆ ಹೇಳಲಿಲ್ಲವೋ ದೇವರೇ ಬಲ್ಲ.

"ತೊಳೆದಿದ್ರು ಮೇಡಂ," ಎಂದರು ಫೋರ್‌ಮನ್, ಹೆಬ್ಬೆರಳು ಎತ್ತಿ ತೋರಿಸುತ್ತ. "ಕೊಳೆ ಮಾಡಿದ್ದು ನಾನು. ಇವತ್ತೊಂದೇ ದಿನ ಅಲ್ಲ, ಮೂರು ಸಲಾನೂ."

ಮಧ್ಯಾಹ್ನ ಮೂರಕ್ಕೆ ತುಂಬಿಸಿದೆವು. ಫೋರ್‌ಮನ್ ಎರಡೂ ಕೈ ಜೇಬಿಗೆ ತುರುಕಿಕೊಂಡು ಗೋಡೆಗಂಟಿ ನಿಂತಿದ್ದರು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಮುಳ್ಳು ಅಲುಗಲಿಲ್ಲ. ಗುಂಡಿ ಒತ್ತಿದ್ದೇ ತಡ, ಹೊಟ್ಟೆ ನಡುಗುವಂತೆ ಎಂಜಿನ್ ಗರ್ಜಿಸಿತು. ಅಂಗಳದ ತುಂಬ ಬಿಳೀ ಹಬೆ. ನಲವತ್ತು ಸೆಕೆಂಡು ಪೂರ್ತಿ! ನಾವೆಲ್ಲ ಹುಚ್ಚರಂತೆ ಕುಣಿದೆವು.

ಮ್ಯಾನೇಜರಮ್ಮ ಅತ್ತೆಯ ಬಳಿ ಬಂದು, "ನಾನು ಹಾಗೆ ಹೇಳಬಾರದಿತ್ತು..." ಎಂದು ತಡವರಿಸಿದರು.

"ಅದೆಲ್ಲ ಬಿಡಿ ತಾಯಿ. ನಾಳೆ ಎಷ್ಟೊತ್ತಿಗೆ ಬರ್ಲಿ, ಅದು ಹೇಳಿ."

"ದಿನಾ ಬರೋ ಹೊತ್ತಿಗೇ ಬನ್ನಿ ಅತ್ತೆ."

ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದಿದ್ದ ನಮ್ಮ ಅತ್ತೆ, ಎಲ್ಲರೆದುರು ನನ್ನ ಹೆಗಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು.