ಗೀರು ಬಿದ್ದ ಬಕೆಟ್ಟು

ಹಾರ್ಲನ್ ಪ್ರಿಟ್ಸ್‌ಲಾಫ್ ಮೂವತ್ತೊಂದು ವರ್ಷ ಕೌಂಟಿಯ ಹಿಮ ತಳ್ಳುವ ಲಾರಿ ಓಡಿಸಿದವನು. ಆಲ್ಡರ್ ಕ್ರೀಕ್ ಊರಿನಲ್ಲಿ ಯಾರ ಮನೆಯ ಅಂಚೆಪೆಟ್ಟಿಗೆ ರಸ್ತೆಗೆ ಎಷ್ಟು ಚಾಚಿಕೊಂಡಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ. ಅಷ್ಟೂ ವರ್ಷಗಳಲ್ಲಿ ಅವನ ಲಾರಿಗೆ ಸಿಕ್ಕಿ ಮುರಿದದ್ದು ಎರಡೇ ಪೆಟ್ಟಿಗೆ, ಎರಡನ್ನೂ ಅವನೇ ಹೋಗಿ ನೆಟ್ಟು ಬಂದಿದ್ದ. ಇಂಥ ಮನುಷ್ಯನಿಗೆ ಅರವತ್ತಾರನೆಯ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಅದು ರಸ್ಸೆಲ್ ಡಾಂಬೆಕ್ ಎಂಬ ನಿವೃತ್ತ ಬ್ಯಾಂಡ್ ಮೇಷ್ಟ್ರ ಮೇಲೆ, ಬಿಯರಿನ ವಿಷಯಕ್ಕೆ.

ನಮ್ಮ ಊರಲ್ಲಿ ಚಳಿಗಾಲವೆಂದರೆ ನೆಲಮಾಳಿಗೆಯ ಕಾಲ. ಹತ್ತು ಹನ್ನೆರಡು ಮನೆಗಳಲ್ಲಿ ಬಿಯರು ಕುದಿಯುತ್ತದೆ, ಹುದುಗುತ್ತದೆ, ಬಾಟಲಿ ಸೇರುತ್ತದೆ. ಕ್ರಿಸ್‌ಮಸ್ಸಿಗೂ ಹೊಸ ವರ್ಷಕ್ಕೂ ನಡುವಿನ ಶನಿವಾರ ಮಧ್ಯಾಹ್ನ ಎಲ್ಲರೂ ತಮ್ಮ ತಮ್ಮ ಬಾಟಲಿ ಹೊತ್ತು ಬರ್ನಡೀನಳ ಬೌಲಿಂಗ್ ಅಂಗಡಿಯ ಹಿಂದಿನ ಕೋಣೆಗೆ ಹೋಗಬೇಕು. ಬರ್ನಡೀನ್ ಜನ್ಮದಲ್ಲಿ ಬಿಯರು ಮುಟ್ಟಿದವಳಲ್ಲ, ಹಾಗಾಗಿ ಅವಳ ಮೇಲೆ ಎಲ್ಲರಿಗೂ ನಂಬಿಕೆ. ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ಬಾಟಲಿಗಳನ್ನು ದಿನಸಿಯ ಕಂದು ಚೀಲಗಳಲ್ಲಿ ಸುತ್ತಿ ಒಂದೊಂದಕ್ಕೂ ನಂಬರು ಬರೆಯುತ್ತಾಳೆ. ಯಾರದು ಯಾವುದೆಂದು ಯಾರಿಗೂ ತಿಳಿಯದಂತೆ ರುಚಿ ನೋಡಬೇಕು. ಒಬ್ಬೊಬ್ಬರಿಗೆ ಒಂದೊಂದು ಬಾಟಲಿ ಮುಚ್ಚಳ ಕೊಡುತ್ತಾರೆ, ಮೆಚ್ಚಿದ ನಂಬರಿನ ಮುಂದಿರುವ ಕಾಫಿ ಡಬ್ಬಿಗೆ ಅದನ್ನು ಹಾಕಬೇಕು. ಮುಚ್ಚಳ ಬೀಳುವವರೆಗೆ ಯಾರೂ ಬಾಯಿ ಬಿಡುವ ಹಾಗಿಲ್ಲ. ಗೆದ್ದವನ ಹೆಸರನ್ನು ಒಂದು ಉದ್ದನೆಯ ಮರದ ಸೌಟಿನ ಮೇಲೆ ಕಾದ ಕಬ್ಬಿಣದಿಂದ ಸುಟ್ಟು ಬರೆಯುತ್ತಾರೆ.

ಆ ಸೌಟಿನ ಮೇಲೆ ಹಾರ್ಲನ್ನನ ಹೆಸರು ಹನ್ನೊಂದು ಸಲ ಇತ್ತು. ಅವನ ಕಪ್ಪು ಬಿಯರಿಗೆ ಒಂದು ಲವಂಗದ ವಾಸನೆ, ಕುಡಿದು ಮುಗಿದ ಮೇಲೆ ಗಂಟಲಲ್ಲಿ ಸಣ್ಣದೊಂದು ಹೊಗೆಯ ನೆನಪು. "ಏನ್ ಹಾಕ್ತೀಯೋ ಮಾರಾಯ, ಹೇಳೋ" ಎಂದು ಊರೆಲ್ಲಾ ಗೋಗರೆದರೂ ಅವನು ಮೀಸೆಯಲ್ಲೇ ನಕ್ಕು ಸುಮ್ಮನಾಗುತ್ತಿದ್ದ. ಅವನು ಲವಂಗ ಹಾಕುತ್ತಲೇ ಇರಲಿಲ್ಲ. ವಾಸನೆ ಎಲ್ಲಿಂದ ಬರುತ್ತದೆಂದು ಅವನಿಗೇ ತಿಳಿಯದು, ತನ್ನ ಕೈಗುಣ ಎಂದುಕೊಂಡಿದ್ದ.

ಸೌಟಿಗಿಂತ ಅವನಿಗೆ ಹೆಚ್ಚಿನದು ಇನ್ನೊಂದಿತ್ತು. ಅವನ ಹೆಂಡತಿ ಆರ್ಡಿಸ್ ಈ ಪಂದ್ಯ ಶುರುವಾದಾಗಿನಿಂದ ಇಪ್ಪತ್ತೆರಡು ವರ್ಷವೂ ತನ್ನ ಮುಚ್ಚಳವನ್ನು ಅವನ ಡಬ್ಬಿಗೇ ಹಾಕಿದ್ದಳು. ನಂಬರು ನೋಡಿ ಅಲ್ಲ, ಯಾರಾದರೂ ಕಿವಿಯಲ್ಲಿ ಊದಿ ಅಲ್ಲ. ಗ್ಲಾಸು ಮೂಗಿಗೆ ಹಿಡಿದು, ಒಂದು ಗುಟುಕು ಕುಡಿದು, ಸೀದಾ ಹೋಗಿ ಹಾಕಿಬಿಡುತ್ತಿದ್ದಳು. ಅವನು ಸೋತ ವರ್ಷಗಳಲ್ಲೂ ಅವಳ ಮುಚ್ಚಳ ಅವನ ಡಬ್ಬಿಗೇ ಬೀಳುತ್ತಿತ್ತು. ಅದೊಂದು ಇದ್ದರೆ ಸೋಲೂ ಅವನಿಗೆ ಸೋಲಾಗಿರಲಿಲ್ಲ.

ಮೂರು ವರ್ಷದ ಹಿಂದೆ ಡಾಂಬೆಕ್ ಊರಿಗೆ ಬಂದ. ಹೆಂಡತಿ ತೀರಿಕೊಂಡವನು, ಬೆಳ್ಳಗಿನ ಕೂದಲು, ಕುತ್ತಿಗೆಗೆ ಮಫ್ಲರು. ಎಲ್ಲರೂ ಬಿಯರು ಕುಡಿದರೆ ಇವನು ಬಿಯರಿನ ಜೊತೆ ಮಾತಾಡುತ್ತಿದ್ದ. "ಇದರಲ್ಲಿ ಒಣದ್ರಾಕ್ಷಿ ಇದೆ. ತಡೀರಿ, ಹಿಂದೆ ಹಳೇ ಚರ್ಮದ ಚೀಲ ಕೂಡ ಇದೆ" ಎನ್ನುತ್ತಿದ್ದ. ಹಾರ್ಲನ್ನನಿಗೆ ಮೈ ಉರಿಯುತ್ತಿತ್ತು. ಆದರೆ ಆರ್ಡಿಸ್ ನಗುತ್ತಿದ್ದಳು. ಒಂದು ಸಲ ಮನೆಗೆ ಬಂದು ಸಾರಿನ ಪಾತ್ರೆಯ ಮುಚ್ಚಳ ತೆಗೆದು, "ಇದರಲ್ಲೂ ಹಳೇ ಚೀಲ ಇದೆ ನೋಡು" ಎಂದು ಡಾಂಬೆಕ್‌ನ ದನಿಯಲ್ಲೇ ಹೇಳಿ ನಕ್ಕಳು. ಅವತ್ತು ಹಾರ್ಲನ್ನನಿಗೆ ಊಟ ಸೇರಲಿಲ್ಲ. ಕಳೆದ ವರ್ಷ ಡಾಂಬೆಕ್ ಒಂದೇ ಒಂದು ಮುಚ್ಚಳದಿಂದ ಗೆದ್ದ. ವಸಂತದಲ್ಲಿ ಆರ್ಡಿಸ್ ಅವನ ಅಂಗಳದ ಬೇಲಿಗೆ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿ ಹಬ್ಬಿಸಲು ಹೋಗಿ ಎರಡು ಗಂಟೆ ನಿಂತು ಬಂದಳು. ಹಾರ್ಲನ್ ಆ ಎರಡು ಗಂಟೆ ಕಿಟಕಿ ಬಿಟ್ಟು ಕದಲಲಿಲ್ಲ.

ಅಕ್ಟೋಬರಿನಲ್ಲಿ ಅವನು ಹಟಕ್ಕೆ ಬಿದ್ದು ಫಳಫಳ ಹೊಳೆಯುವ ಒಂದು ಸ್ಟೀಲ್ ಪಾತ್ರೆ ಕೊಂಡು ತಂದ. ಅಂಗಡಿಯವನು ಕೇಳಿದ, "ಇಷ್ಟು ದಿನ ಯಾವುದರಲ್ಲಿ ಹುದುಗಿಸ್ತಿದ್ರಿ?"

"ಪ್ಲಾಸ್ಟಿಕ್ ಬಕೆಟ್ಟು. ಉಕ್ಕಿನ ಬ್ರಷ್ಷಲ್ಲಿ ಚೆನ್ನಾಗಿ ತಿಕ್ಕಿ ತೊಳೀತೀನಿ."

"ಅಯ್ಯೋ ದೇವರೇ! ಗೀರು ಬಿದ್ದಿರುತ್ತಲ್ರೀ. ಆ ಗೀರಲ್ಲಿ ಬೀದಿಬಸವ ಯೀಸ್ಟೆಲ್ಲ ಸೇರ್ಕೊಂಡು ಬಿಯರು ಕೆಡಿಸುತ್ತೆ. ಮೊದಲು ಎಸೀರಿ ಅದನ್ನ."

ಹಾರ್ಲನ್ ಎಸೆಯಲಿಲ್ಲ. ದಾರಿಯುದ್ದಕ್ಕೂ ಯೋಚಿಸಿದ. ಡಾಂಬೆಕ್ ಬಿಯರು ಹುದುಗಿಸುವ ಗಾಜಿನ ಜಾಡಿ ಹಿಂದಿನ ವಾರವಷ್ಟೇ ಒಡೆದಿತ್ತು. ಮರುದಿನ ಬೆಳಿಗ್ಗೆ ಹಾರ್ಲನ್ ಬಕೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಅವನ ಬಾಗಿಲು ತಟ್ಟಿದ.

"ತಗೋ ಡಾಂಬೆಕ್. ಹನ್ನೊಂದು ಸಲ ಗೆದ್ದ ಬಕೆಟ್ಟು. ನನಗೆ ಹೊಸದು ಬಂದಿದೆ."

ಡಾಂಬೆಕ್ ಬಕೆಟ್ಟಿನೊಳಗೆ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ತಲೆಯೆತ್ತಿದಾಗ ಅವನ ಕಣ್ಣು ಒದ್ದೆಯಾದಂತಿತ್ತು. "ನೀನು ಎಂಥ ದೊಡ್ಡ ಮನುಷ್ಯನಪ್ಪಾ" ಎಂದ. ಹಾರ್ಲನ್ ಮನೆಗೆ ಬರುತ್ತಾ ಶಿಳ್ಳೆ ಹಾಕಿದ. ಮಾಡಿದ್ದು ನೀಚ ಕೆಲಸ, ಅದು ಅವನಿಗೂ ಗೊತ್ತಿತ್ತು, ಆದರೂ ಶಿಳ್ಳೆ ಬಂತು.

ಪಂದ್ಯದ ಶನಿವಾರ ಮಧ್ಯಾಹ್ನ ಬರ್ನಡೀನಳ ಕೋಣೆ ತುಂಬ ಜನ. ಮೇಜಿನ ಮೇಲೆ ರೈ ಬ್ರೆಡ್ಡು, ಚೀಸಿನ ಗಟ್ಟಿಗಳು, ಒಣಗಿಸಿದ ಸಾಸೇಜು. ಗೋಡೆಯಾಚೆಯಿಂದ ಬೌಲಿಂಗ್ ಚೆಂಡು ಉರುಳುವ ಸದ್ದು. ಹಾರ್ಲನ್ ಒಂದೊಂದೇ ನಂಬರಿನ ರುಚಿ ನೋಡುತ್ತಾ ಬಂದ. ಒಂದನೆಯದು ತೆಳ್ಳಗಿತ್ತು. ಎರಡನೆಯದು ನಾಲಿಗೆಗೆ ತಾಗುತ್ತಲೇ ತನ್ನದೆಂದು ತಿಳಿಯಿತು: ಹೊಸ ಪಾತ್ರೆಯದು, ಶುದ್ಧ, ನುಣುಪು, ಒಂದು ಚುಕ್ಕೆ ತಪ್ಪಿಲ್ಲ. ಲವಂಗದ ಸುಳಿವೂ ಇಲ್ಲ. ಬಾಟಲಿಗೆ ತುಂಬುವಾಗಲೇ ಅದು ಅವನ ಗಮನಕ್ಕೆ ಬಂದಿತ್ತು, ಇನ್ನೆರಡು ವಾರ ಕಳೆದರೆ ಬರುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದ. ಮೂರನೆಯದರಲ್ಲಿ ಜೇನು ಜಾಸ್ತಿ.

ನಾಲ್ಕನೆಯ ಗ್ಲಾಸು ಮೂಗಿನ ಹತ್ತಿರ ಬಂದದ್ದೇ ತಡ, ಅವನ ಕೈ ನಿಂತಿತು. ಲವಂಗ. ಒಂದು ಗುಟುಕು ಕುಡಿದರೆ ಗಂಟಲಲ್ಲಿ ಆ ಹೊಗೆ. ಅವನ ನೆಲಮಾಳಿಗೆಯ ಮೂವತ್ತು ಚಳಿಗಾಲಗಳು ಇನ್ನೊಬ್ಬನ ಬಾಟಲಿಯಿಂದ ಎದ್ದು ಬಂದು ಅವನ ಮುಖಕ್ಕೆ ತಾಗಿದವು. ಕೈಗುಣ ಎಲ್ಲಿತ್ತೆಂದು ಅವನಿಗೆ ಆ ಕ್ಷಣಕ್ಕೆ ತಿಳಿಯಿತು. ಗೀರಿನಲ್ಲಿತ್ತು.

ಅವನು ತಲೆಯೆತ್ತಿ ಆರ್ಡಿಸಳನ್ನು ಹುಡುಕಿದ. ಅವಳು ಮೇಜಿನ ಆ ತುದಿಯಲ್ಲಿ ಎರಡನೆಯ ಗ್ಲಾಸನ್ನು ಮೂಸಿ, ಮುಖ ಸಿಂಡರಿಸಿ, ಪಕ್ಕಕ್ಕಿಟ್ಟು ಒಂದು ತುಂಡು ಚೀಸು ಬಾಯಿಗೆ ಹಾಕಿಕೊಂಡಳು. ಮೂರನೆಯದನ್ನೂ ಹಾಗೇ ದಾಟಿದಳು. ನಾಲ್ಕನೆಯದನ್ನು ಮೂಸಿದವಳ ಮುಖ ಅರಳಿತು. ಹಾರ್ಲನ್ ಕೆಮ್ಮಿದ. ಕಣ್ಣಲ್ಲೇ ಬೇಡ ಬೇಡ ಎಂದ. ಅವಳು ಅದನ್ನು ಬೇರೆಯೇ ಅರ್ಥ ಮಾಡಿಕೊಂಡು, ನನಗೆ ಗೊತ್ತಾಯಿತು ಬಿಡು ಎಂಬಂತೆ ಕಣ್ಣು ಮಿಟುಕಿಸಿದಳು. ಬಾಯಿ ಬಿಡುವಂತಿಲ್ಲ, ಬರ್ನಡೀನ್ ಕೈಕಟ್ಟಿ ನಿಂತಿದ್ದಾಳೆ. ಟಣ್ ಎಂದು ಆರ್ಡಿಸಳ ಮುಚ್ಚಳ ನಾಲ್ಕನೆಯ ಡಬ್ಬಿಗೆ ಬಿತ್ತು.

ನಾಲ್ಕನೆಯದೇ ಗೆದ್ದಿತು. ಬರ್ನಡೀನ್ ಚೀಲ ಬಿಚ್ಚಿ "ರಸ್ಸೆಲ್ ಡಾಂಬೆಕ್!" ಎಂದು ಕೂಗಿದಾಗ ಆರ್ಡಿಸ್ ಚಪ್ಪಾಳೆಗೆ ಎತ್ತಿದ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟಳು. ಡಾಂಬೆಕ್ ಎದ್ದು ನಿಂತು ಮಫ್ಲರು ಸರಿಮಾಡಿಕೊಂಡ.

"ಇದು ನನ್ನ ಗೆಲುವಲ್ಲ. ಹಾರ್ಲನ್ ತನ್ನ ಹಳೇ ಬಕೆಟ್ಟು ನನಗೆ ಕೊಟ್ಟ. ಅಂಥಾ ಬಕೆಟ್ಟನ್ನ ಯಾರ್ ಕೊಡ್ತಾರೆ ಹೇಳಿ?"

ಎಲ್ಲರೂ ಹಾರ್ಲನ್ನನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಯಾರೋ ಬೆನ್ನು ಚಪ್ಪರಿಸಿದರು. ಆ ಒಂದೊಂದು ಚಪ್ಪಾಳೆಯೂ ಅವನಿಗೆ ಕೆನ್ನೆಗೆ ಬಿದ್ದಂತಿತ್ತು. ಆರ್ಡಿಸ್ ಮಾತ್ರ ತಟ್ಟಲಿಲ್ಲ.

ಮನೆಗೆ ಹೊರಟು ತಮ್ಮ ಟ್ರಕ್ಕಿನಲ್ಲಿ ಕೂತ ಮೇಲೆ ಅವಳು ಕೈಗವಸು ಕಳಚುತ್ತಾ ಕೇಳಿದಳು, "ಯಾವ ಬಕೆಟ್ಟು?"

"ಅದೇ ಹಳೇದು."

"ನಾನು ತಂದಿದ್ದಾ?"

ಹೌದು, ಅವಳು ತಂದದ್ದೇ. ಮೂವತ್ತು ವರ್ಷದ ಹಿಂದೆ ಅವನು ಲಾರಿಯಿಂದ ಜಾರಿ ಕಾಲು ಮುರಿದುಕೊಂಡು ಇಡೀ ಚಳಿಗಾಲ ಮನೆಯಲ್ಲಿ ಬಿದ್ದು ಸಿಡಿಮಿಡಿಗುಟ್ಟುತ್ತಿದ್ದಾಗ, ಆರ್ಡಿಸ್ ತಾನು ಕೆಲಸ ಮಾಡುತ್ತಿದ್ದ ಬೇಕರಿಯಿಂದ ಸಕ್ಕರೆ ಕೆನೆ ಬರುತ್ತಿದ್ದ ಖಾಲಿ ಬಕೆಟ್ಟನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ಒಂದು ಬಿಯರು ಪುಸ್ತಕವನ್ನೂ ತಂದು, "ಇದನ್ನಾದ್ರೂ ಮಾಡು, ನನ್ನ ತಲೆ ತಿನ್ನಬೇಡ" ಅಂದಿದ್ದಳು.

"ನಾಲ್ಕು ನಿಂದೇ ಅಂದ್ಕೊಂಡು ಹಾಕಿದೆ ಕಣೋ" ಎಂದಳು ಆರ್ಡಿಸ್. "ಅದೇ ವಾಸನೆ ಇತ್ತು."

"ಎರಡು ನನ್ನದು. ಅದನ್ನ ನೀನು ಮೂಸಿ ಪಕ್ಕಕ್ಕಿಟ್ಟೆ."

"ಎಲ್ಲಾ ಒಂದೇ ಥರ ಕಹಿ. ನನಗೆಲ್ಲಿ ಗೊತ್ತಾಗಬೇಕು?"

"ಇಪ್ಪತ್ತೆರಡು ವರ್ಷದಿಂದ ಹುಡುಕಿ ಹಾಕ್ತಾ ಇದ್ದೆಯಲ್ಲ?"

"ನನಗೆ ಬಿಯರು ಸೇರೋದೇ ಇಲ್ಲ ಹಾರ್ಲನ್. ಯಾವತ್ತೂ ಸೇರಿಲ್ಲ. ನಿನ್ನ ಕೋಟಲ್ಲಿ, ದಿಂಬಲ್ಲಿ, ನೆಲಮಾಳಿಗೆ ಮೆಟ್ಟಿಲಲ್ಲಿ ಅದೇ ವಾಸನೆ. ಅದು ಯಾವ ಗ್ಲಾಸಲ್ಲಿ ಇದೆಯೋ ನೋಡಿ ಮುಚ್ಚಳ ಹಾಕಿಬಿಡ್ತಿದ್ದೆ. ಅಷ್ಟೇ." ಆಮೇಲೆ ಕೇಳಿದಳು, "ಯಾಕೆ ಕೊಟ್ಟೆ ಅದನ್ನ?"

ಹಿಮದ ರಸ್ತೆಯಲ್ಲಿ ಎಂಥ ತಿರುವಿಗೂ ಹೆದರದ ಮನುಷ್ಯ ಈ ಪ್ರಶ್ನೆಗೆ ಹೆದರಿ ಟ್ರಕ್ಕನ್ನು ಪಕ್ಕಕ್ಕೆ ನಿಲ್ಲಿಸಿದ. "ಅವನ ಬಿಯರು ಕೆಡಲಿ ಅಂತ" ಎಂದ. "ನೀನು ಅವನ ಮಾತಿಗೆ ನಗ್ತೀಯ. ನನಗೆ ತಡಕೊಳ್ಳೋಕೆ ಆಗಲಿಲ್ಲ."

ಆರ್ಡಿಸ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಥೂ, ನಿನ್ನ ವಯಸ್ಸಿಗಿಷ್ಟು! ಗಾಡಿ ತಿರುಗಿಸು. ನನ್ನ ಬಕೆಟ್ಟು ನನಗೆ ಬೇಕು."

ಅವರು ಹೋಗುವಷ್ಟರಲ್ಲಿ ಡಾಂಬೆಕ್ ಆಗಷ್ಟೇ ಮನೆಗೆ ಬಂದು ಸೌಟನ್ನು ಒಲೆಗೂಡಿನ ಮೇಲೆ ಒರಗಿಸುತ್ತಿದ್ದ. ಹಾರ್ಲನ್ ಟೋಪಿ ಕೈಯಲ್ಲಿ ಹಿಡಿದು, ಬಾಗಿಲಲ್ಲೇ ನಿಂತು, ಒಂದೇ ಉಸಿರಿಗೆ ಹೇಳಿದ: "ಬಕೆಟ್ಟು ವಾಪಸ್ ಬೇಕು. ನಿನ್ನ ಬಿಯರು ಕೆಡಲಿ ಅಂತಲೇ ಕೊಟ್ಟಿದ್ದು. ಗೀರಿದೆ ಅಂತ ಗೊತ್ತಿತ್ತು."

"ಗೊತ್ತು" ಎಂದ ಡಾಂಬೆಕ್. "ಅವತ್ತೇ ಗೊತ್ತಾಯ್ತು. ಬಗ್ಗಿ ನೋಡಿದಾಗ."

"ಮತ್ತೆ ಕಣ್ಣಲ್ಲಿ ನೀರು ಬಂತಲ್ಲ ನಿನಗೆ?"

"ಬರದೆ ಏನ್ ಮಾಡುತ್ತೆ? ಎರಡು ವರ್ಷ ನಿದ್ದೆಗೆಟ್ಟಿದ್ದೆ ಕಣಯ್ಯ, ಆ ಲವಂಗ ಎಲ್ಲಿಂದ ತರ್ತಾನೆ ಇವನು ಅಂತ. ಹದಿನೇಳು ಥರದ ಯೀಸ್ಟು ತರಿಸಿದೆ. ಲವಂಗ ಅರೆದು ಹಾಕಿದೆ, ಹಲ್ಲುನೋವಿನ ಔಷಧಿ ಥರ ಆಯ್ತು. ಆ ಗೀರು ನೋಡಿದ ತಕ್ಷಣ ಅರ್ಥ ಆಯ್ತು. ಕೆಡಿಸೋಕೆ ಅಂತ ತಂದು, ಗಂಟನ್ನೇ ನನ್ನ ಕೈಗಿಟ್ಟಿದ್ದೆ ನೀನು. ಗೀರಲ್ಲಿರೋ ಯೀಸ್ಟು ಸಾಯಬಾರದು ಅಂತ ಬಿಸಿನೀರು ಕೂಡ ತಾಗಿಸಲಿಲ್ಲ ನಾನು ಅದಕ್ಕೆ."

"ನನಗೆ ಹೇಳಬಹುದಿತ್ತಲ್ಲ!"

"ಹೇಳಿದ್ರೆ ಬಕೆಟ್ಟು ಬಿಟ್ಟು ಹೋಗ್ತಿದ್ದೆಯಾ?"

ಬೈದಿದ್ದರೆ ಹಾರ್ಲನ್ ತಡೆದುಕೊಳ್ಳುತ್ತಿದ್ದ. ತನ್ನ ಬಿಯರು ತನಗಿಂತ ಈ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು ಎಂಬುದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

"ಈಗ ಕೊಡು" ಎಂದಳು ಆರ್ಡಿಸ್.

ಡಾಂಬೆಕ್ ಇಬ್ಬರನ್ನೂ ನೆಲಮಾಳಿಗೆಗೆ ಕರೆದುಕೊಂಡು ಹೋದ. ಬಕೆಟ್ಟು ಬೆಚ್ಚಗಿನ ಮೂಲೆಯಲ್ಲಿ, ಡಾಂಬೆಕ್‌ನ ಹೆಂಡತಿ ಹೊಲಿದಿದ್ದ ಹೂವಿನ ಕಸೂತಿಯ ಹಳೆಯ ಕೌದಿ ಹೊದ್ದು ಕೂತಿತ್ತು. ಮುಚ್ಚಳದ ಮೇಲಿನ ನಳಿಕೆಯಲ್ಲಿ ಬುಳುಕ್ ಬುಳುಕ್ ಎಂದು ಗುಳ್ಳೆ ಏಳುತ್ತಿತ್ತು. "ಮೊನ್ನೆ ತಾನೇ ತುಂಬಿಸಿದ್ದು" ಎಂದ ಡಾಂಬೆಕ್. "ಮೂರು ವಾರ ಮುಟ್ಟೋ ಹಾಗಿಲ್ಲ. ಆಮೇಲೆ ನಾನೇ ತಂದುಕೊಡ್ತೀನಿ. ಇದೊಂದು ಸಲ ನನಗೆ ಬಿಡಿ."

ಬಿಯರು ಕಾಯಿಸುವವರಲ್ಲಿ ಹುದುಗುತ್ತಿರುವ ಬಕೆಟ್ಟನ್ನು ಯಾರೂ ಅಲ್ಲಾಡಿಸುವುದಿಲ್ಲ, ವೈರಿಯದಾದರೂ ಸರಿ. ಹಾರ್ಲನ್ ತಲೆಯಾಡಿಸಿದ. ಆರ್ಡಿಸ್ ಮಂಡಿಯೂರಿ ಕೂತು, ಕೌದಿ ಸರಿಸಿ, ನಳಿಕೆಯ ಹತ್ತಿರ ಮೂಗು ಹಿಡಿದು ಕಣ್ಣು ಮುಚ್ಚಿಕೊಂಡಳು. ಅವಳ ಮುಖ ಮತ್ತೆ ಅರಳಿತು. ಆ ಅರಳುವಿಕೆ ತನ್ನದೇ ಎಂದು ಹಾರ್ಲನ್ನನಿಗೆ ಈಗ ಗೊತ್ತಿತ್ತು, ಆದರೆ ಅದು ಇನ್ನೊಬ್ಬನ ನೆಲಮಾಳಿಗೆಯಲ್ಲಿ, ಇನ್ನೊಬ್ಬನ ಸತ್ತ ಹೆಂಡತಿಯ ಕೌದಿಯ ಮೇಲೆ ಅರಳುತ್ತಿತ್ತು.

ಮನೆಯ ದಾರಿಯಲ್ಲಿ ಅವನು ಕೇಳಿದ, "ಬರೋ ವರ್ಷಕ್ಕೆ ಅವನು ಯೀಸ್ಟಿರೋ ತಳದ ಗಸಿ ತೆಗೆದಿಟ್ಟುಕೊಂಡಿರ್ತಾನೆ. ಎರಡು ಗ್ಲಾಸಲ್ಲೂ ಅದೇ ವಾಸನೆ ಬಂದ್ರೆ ಏನ್ ಮಾಡ್ತೀಯ?"

"ನಿನ್ನ ನಂಬರು ಯಾವುದು ಅಂತ ಕೆಮ್ಮಿ ಹೇಳು."

"ಅದು ಮೋಸ ಆಗುತ್ತೆ ಆರ್ಡಿಸ್."

"ಇಷ್ಟು ವರ್ಷ ನಾನು ಮಾಡಿದ್ದೇನು ಮತ್ತೆ?" ಎಂದಳು ಅವಳು.

ಹಾರ್ಲನ್ ಸೌಟಿನ ಮೇಲಿನ ಹನ್ನೊಂದು ಹೆಸರುಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ನೆನೆದ. ಅದರಲ್ಲಿ ಎಷ್ಟನ್ನು ಒಂದೇ ಮುಚ್ಚಳದಿಂದ ಗೆದ್ದಿದ್ದೆ ಎಂದು ನೆನಪಿಸಿಕೊಳ್ಳಲು ಹೋಗಿ, ಬೇಡವೆಂದು ಬಿಟ್ಟ. ಮರುದಿನ ಬೆಳಿಗ್ಗೆ ಹಿಮ ಬಿದ್ದಿತ್ತು. ಅವನು ಯಾರೂ ಕೇಳದೆಯೇ ಹೋಗಿ ಡಾಂಬೆಕ್‌ನ ಅಂಗಳದ ಹಿಮ ತಳ್ಳಿಕೊಟ್ಟ. ಆಮೇಲೆ, ಕೈ ಬೆಚ್ಚಗೆ ಮಾಡಿಕೊಳ್ಳುತ್ತೇನೆಂದು ನೆಪ ಹೇಳಿ, ನೆಲಮಾಳಿಗೆಗೆ ಇಳಿದು ಬಕೆಟ್ಟನ್ನು ನೋಡಿ ಬಂದ. ಮೂರು ವಾರವೂ ದಿನಾ ಹೋದ.